ಗಿಟಾರಿನ ಮೇಲೆ ತಾತ ಎಳೆದ ಸಾಲು

ಆಗೆಲ್ಲ ಗೌರಿಹಬ್ಬಕ್ಕೆ ಇನ್ನೂ ಎರಡು ತಿಂಗಳು ಇರುವಾಗಲೇ ನಮ್ಮ ಕಡೆಯ ಊರುಗಳ ಹುಡುಗರು ಆರ್ಕೆಸ್ಟ್ರಾದವರನ್ನು ಗೊತ್ತುಮಾಡಲು ಮದ್ದೂರಿಗೆ ಹೋಗುತ್ತಿದ್ದರು. ಗಣೇಶನ ಮೂರ್ತಿ ಎಲ್ಲಿಂದ ತರಬೇಕು, ಪೆಂಡಾಲು ಎಲ್ಲಿ ಹಾಕಬೇಕು ಎಂಬುದೆಲ್ಲ ಆಮೇಲಿನ ಮಾತು. ಮೊದಲು ಆರ್ಕೆಸ್ಟ್ರಾ. ಅದರಲ್ಲಿ ಗಿಟಾರ್ ಇದೆಯೋ ಇಲ್ಲವೋ ಎಂಬುದು ಊರಿನ ಮರ್ಯಾದೆಯ ಪ್ರಶ್ನೆ. ಬರೀ ಕೀಬೋರ್ಡು, ತಬಲ ಇಟ್ಟುಕೊಂಡು ಬಂದವರನ್ನು ಪಕ್ಕದೂರಿನವರು ಒಂದು ವರ್ಷ ಆಡಿಕೊಳ್ಳುತ್ತಿದ್ದರು.

ಇಷ್ಟು ಬರೆದ ಮೇಲೆ ನನಗೆ ಅನುಮಾನ. 'ಆಗೆಲ್ಲ' ಅಂದೆ. ಎಷ್ಟು ವರ್ಷ ಹಾಗೆ ನಡೆಯಿತು? ನನಗೆ ಚೆನ್ನಾಗಿ ನೆನಪಿರುವುದು ಒಂದೇ ವರ್ಷ. ಆ ಒಂದನ್ನೇ ಎಳೆದೂ ಎಳೆದೂ ಇಡೀ ಬಾಲ್ಯಕ್ಕೆ ಹೊದಿಸಿರಬಹುದು. ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿ ನಾನು ಗಳಿಸಿದ ಒಂದು ಕೆಟ್ಟ ಅಭ್ಯಾಸವೆಂದರೆ, ಯಾರು ಏನು ಹೇಳಿದರೂ 'ನಿನಗೆ ಹೇಗೆ ಗೊತ್ತು' ಎಂದು ಕೇಳುವುದು. ಮನೆಯಲ್ಲಿ ಯಾರೂ ನನ್ನ ಮುಂದೆ ಸಮಾಧಾನವಾಗಿ ಒಂದು ಹಳೇ ಕತೆ ಹೇಳುವ ಹಾಗಿಲ್ಲ. ಈಗ ನಾನೇ ಹೇಳಲು ಕೂತಿದ್ದೇನೆ, ಪ್ರಶ್ನೆ ನನ್ನ ಕಡೆಗೇ ತಿರುಗಿದೆ.

ಅದಕ್ಕೇ ಬರೆಯುವ ಮೊದಲು ಇಬ್ಬರನ್ನು ವಿಚಾರಿಸಿದೆ. ಒಬ್ಬಳು ನನ್ನ ಅಕ್ಕ ಶೋಭ. ಇನ್ನೊಬ್ಬ ನಾಗ, ನಮ್ಮ ಹಿತ್ತಲಿಗೆ ಅಂಟಿಕೊಂಡ ಮನೆಯ ಹುಡುಗ, ನನಗಿಂತ ಎರಡು ವರ್ಷ ದೊಡ್ಡವನು. ಮೂವರೂ ಒಪ್ಪಿದ್ದನ್ನು ನಡೆದದ್ದು ಎಂದೇ ಬರೆದಿದ್ದೇನೆ. ಒಪ್ಪದ ಕಡೆ ಯಾರ ಮಾತು ಯಾವುದು ಎಂದು ಹೇಳಿಬಿಡುತ್ತೇನೆ. ನಿಮ್ಮಲ್ಲಿ ಯಾರಿಗಾದರೂ ಸ್ವಂತ ಕೈಯಿಂದ ಒಂದು ಎಲೆಕ್ಟ್ರಿಕ್ ಗಿಟಾರ್ ಮಾಡಬೇಕೆಂಬ ಆಸೆ ಇದ್ದರೆ ನಾವು ಮಾಡಿದ ತಪ್ಪುಗಳು ಉಪಯೋಗಕ್ಕೆ ಬಂದಾವು. ಗಿಟಾರಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ, ಅದನ್ನು ಅಳೆಯಬಹುದು.

ನಮ್ಮೂರು ಬೆಸಗರಹಳ್ಳಿಯಲ್ಲಿ ಬಸ್ಸಿಳಿದು ನಾಲೆ ಏರಿಯ ಮೇಲೆ ಒಳಕ್ಕೆ ನಡೆಯಬೇಕಾದ ಊರು. ಆ ವರ್ಷ ನಾನು ಒಂಬತ್ತನೇ ಕ್ಲಾಸು ಮುಗಿಸಿದ್ದೆ. ನಾಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಫೇಲಾಗಿ, ಮದ್ದೂರಿನ ಒಂದು ಆರ್ಕೆಸ್ಟ್ರಾದ ಜೊತೆ ಸ್ಪೀಕರು, ವೈರು ಹೊರುತ್ತಾ ಊರೂರು ಸುತ್ತುತ್ತಿದ್ದ. ಅಲ್ಲಿನ ಗಿಟಾರಿನವನು ಬೀಡಿ ಸೇದಲು ಹೋದಾಗ ಇವನು ಗಿಟಾರ್ ಎತ್ತಿಕೊಳ್ಳುತ್ತಿದ್ದ. ಹಾಗೆ ಕದ್ದು ಕಲಿತದ್ದೇ ಚೆನ್ನಾಗಿ ಕೈಗೆ ಹತ್ತಿತ್ತು. ಆ ಬೇಸಿಗೆಯಲ್ಲಿ ಗಿಟಾರಿನವನು ಮೈಸೂರಿನ ಬೇರೆ ತಂಡಕ್ಕೆ ಹೋಗಿಬಿಟ್ಟ, ಗಿಟಾರನ್ನೂ ತೆಗೆದುಕೊಂಡು.

ಆರ್ಕೆಸ್ಟ್ರಾದ ಮಾಸ್ಟ್ರು ನಾಗನನ್ನು ಕರೆದು ಹೇಳಿದರಂತೆ: "ಕೈ ಚೆನ್ನಾಗೈತೆ ಕಣ್ಲಾ ನಿಂದು. ಒಂದು ಗಿಟಾರ್ ಹೊಂದಿಸ್ಕಂಡು ಬಾ, ನೀನೇ ನುಡ್ಸು. ಹಬ್ಬಕ್ಕೆ ಒಂದು ವಾರ ಮುಂಚೆ ಪ್ರಾಕ್ಟೀಸು. ಅಷ್ಟೊತ್ಗೆ ಬರ್ನಿಲ್ಲ ಅಂದ್ರೆ ಕನಕಪುರದವನ್ನ ಕರುಸ್ಕತೀನಿ, ಆಮೇಲೆ ನನ್ನ ಅನ್ಬ್ಯಾಡ."

ಇನ್ನೊಂದು ಕಡೆ ನಾಗನ ಅವ್ವ ಪುಟ್ಟಮ್ಮ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಅವಳ ತಮ್ಮನದು ಮಳವಳ್ಳಿಯಲ್ಲಿ ಹಿಟ್ಟಿನ ಗಿರಣಿ. "ವೈರು ಒತ್ಕಂಡು ತಿರುಗಿದ್ರೆ ಎಣ್ಣು ಕೊಡಾರು ಯಾರ್ಲಾ? ಹಬ್ಬ ಆದ ಮಾರ್ನೆ ದಿನ ನೀನು ಮಳವಳ್ಳೀಲಿರ್ಬೇಕು" ಎಂದಿದ್ದಳು. ನಾಗನಿಗೆ ರಾಗಿ ಹಿಟ್ಟಿನ ಧೂಳು ಮೂಗಿಗೆ ಹತ್ತಿರ ಬಂದರೆ ಸೀನು ಹಿಡಿದು ಬಿಡುತ್ತಲೇ ಇರಲಿಲ್ಲ. ಗಿಟಾರ್ ಇಲ್ಲವೇ ಗಿರಣಿ. ಕೊಳ್ಳುವ ಮಾತೇ ಇರಲಿಲ್ಲ. "ಮಾಡೇಬುಡವ ಕಣ್ಲಾ" ಅಂದ ನಾಗ, ಚಿನ್ನಿದಾಂಡಿಗೆ ಒಂದು ಕೋಲು ಕೆತ್ತೋಣ ಅಂದ ಹಾಗೆ.

ಗಿಟಾರಿನ ಒಡಲಿಗೆ ಮರ ಸುಲಭವಾಗಿ ಸಿಕ್ಕಿತು. ನಮ್ಮ ಕೊಟ್ಟಿಗೆಯ ಅಟ್ಟದ ಮೇಲೆ ಬಾಗಿಲು ಮಾಡಿಸಿ ಉಳಿದ ಒಂದು ಹಲಸಿನ ಹಲಗೆ ಇತ್ತು. ನನ್ನ ಅವ್ವ, "ತಗಂಡೋಗ್ರಪ್ಪ, ಇಲಿ ಮೆರವಣಿಗೆ ಓಗಾದಾದ್ರೂ ನಿಲ್ಲಲಿ" ಎಂದು ಕೊಟ್ಟಳು. ಬೆಸಗರಹಳ್ಳಿಯ ಮರದ ಮಿಲ್ಲಿನಲ್ಲಿ ಅದನ್ನು ಕೊಯ್ಸಿಕೊಂಡು ಬಂದೆವು. ಹಲಸಿನ ಹೊಟ್ಟು ಅರಿಸಿನದಷ್ಟು ಹಳದಿ. ಅದಕ್ಕೊಂದು ಸಿಹಿ ವಾಸನೆ, ಹಣ್ಣಿನದಲ್ಲ, ಹಣ್ಣು ಬಿಡಿಸಿದ ಮೇಲೆ ಕೈಯಲ್ಲಿ ಉಳಿಯುತ್ತದಲ್ಲ ಅಂಥದು. ಮೈ ಕೈಯೆಲ್ಲ ಹಳದಿಯಾಗಿ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ತಡೆದು, "ಏನ್ರಲಾ, ಇಬ್ರಿಗೂ ಅರಿಸ್ನ ಇಟ್ಟವ್ರೆ, ಮದ್ವೆ ಎಲ್ಲಿ" ಎಂದಳು.

ಇಲ್ಲಿ ಮೊದಲ ಬುದ್ಧಿಮಾತು. ಹೊಸದಾಗಿ ಗಿಟಾರ್ ಮಾಡುವವರು ಒಡಲಿನ ಆಕಾರಕ್ಕೆ ಹದಿನೈದು ದಿನ ಕಳೆಯುತ್ತಾರೆ. ನಾವೂ ಕಳೆದೆವು. ಕೊಂಬು ಇಡಬೇಕೋ ಬೇಡವೋ ಎಂದು ನಾನೂ ನಾಗನೂ ಎರಡು ದಿನ ಮಾತು ಬಿಟ್ಟಿದ್ದೆವು. ಒಡಲು ಹೇಗಿದ್ದರೂ ನಡೆಯುತ್ತದೆ. ಎರಡು ಬೆರಳು ದಪ್ಪ, ಬಿರುಕಿಲ್ಲದ, ಚೆನ್ನಾಗಿ ಒಣಗಿದ ಯಾವ ಮರವಾದರೂ ಸರಿ, ತೊಡೆಯ ಮೇಲೆ ಕೂತರೆ ಸಾಕು. ಗಿಟಾರ್ ಇರುವುದು ಕತ್ತಿನಲ್ಲಿ. ನಿಮ್ಮ ಒಳ್ಳೆಯ ಮರ, ಒಳ್ಳೆಯ ಸಮಯ ಎರಡನ್ನೂ ಕತ್ತಿಗೆ ಇಟ್ಟುಕೊಳ್ಳಿ.

ಕತ್ತಿಗೆ ಮರ ಎಲ್ಲಿಂದ ತರುವುದು? ನಮ್ಮ ಮನೆಗೆ ಟ್ರ್ಯಾಕ್ಟರ್ ಬಂದ ಮೇಲೆ ಎತ್ತಿನ ಗಾಡಿ ಹೊಂಗೆ ಮರದ ಕೆಳಗೆ ನಿಂತೇ ಇತ್ತು. ಅದರ ಮೂಕಿ, ಅಂದರೆ ಮುಂದಕ್ಕೆ ಚಾಚಿ ನೊಗ ಹೊರುವ ಉದ್ದನೆಯ ಮರ, ಆಕಾಶಕ್ಕೆ ಮುಖ ಮಾಡಿತ್ತು. ಊರಿನ ಮಕ್ಕಳೆಲ್ಲ ಅದಕ್ಕೆ ಜೋತುಬಿದ್ದು ಏರಿಳಿಯುವ ಆಟ ಆಡುತ್ತಿದ್ದೆವು. ಎಷ್ಟೋ ವರ್ಷ ಬಿಸಿಲು ಮಳೆ ಕುಡಿದು, ಎತ್ತು ಎಳೆದು, ಇನ್ನು ಬಾಗುವುದಕ್ಕೇನೂ ಉಳಿದಿಲ್ಲದ ಮರ. ಹಸಿ ಮರದ ಕತ್ತು ತಂತಿ ಬಿಗಿದ ವಾರಕ್ಕೇ ಬಿಲ್ಲಾಗುತ್ತದೆ. ಇದು ಆಗ ನಮಗೆ ಗೊತ್ತಿತ್ತೇ? ಇಲ್ಲ. ನಮಗೆ ಕಾಣಿಸಿದ ನೇರವಾದ ಮರ ಅದೊಂದೇ.

ಗಾಡಿ ತಾತನದು. ನಮ್ಮ ತಂದೆಯ ತಂದೆ. ಒಣಕಲು ಮೈ, ಕಿವಿಯ ಸಂದಿಯಲ್ಲಿ ಸದಾ ಒಂದು ಬೀಡಿ. ಗದ್ದೆ ನಾಟಿಯಲ್ಲಿ ಸಾಲು ಹಿಡಿಯುವುದರಲ್ಲಿ ಸುತ್ತಲಿನ ಊರುಗಳಲ್ಲೇ ಅವನ ಹೆಸರು. ನಾಟಿಗೆ ಮುಂಚೆ ಹಗ್ಗ ತೆಗೆದುಕೊಂಡು, ಅಳತೆಕೋಲು ಮುಟ್ಟದೆ, ಮಡಿಸಿ ಮಡಿಸಿ ಸಮಸಮಕ್ಕೆ ಬಟ್ಟೆ ಚೂರು ಕಟ್ಟುತ್ತಿದ್ದ. ಆ ಹಗ್ಗ ಹಿಡಿದು ನೆಟ್ಟ ಗದ್ದೆ ಬಾಚಿದ ತಲೆಯ ಹಾಗೆ ಕಾಣುತ್ತಿತ್ತು. ಹನಕೆರೆಯಿಂದಲೂ ನೆಂಟರು ಹಗ್ಗ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಾಟಿ ಮುಗಿದ ಸಂಜೆ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ತನ್ನ ಸಾಲುಗಳನ್ನೇ ನೋಡುತ್ತಾ ಬೀಡಿ ಹಚ್ಚುತ್ತಿದ್ದ.

ನಾಗ ಹೋಗಿ ಕೇಳಿದ. "ತಾತ, ಮೂಕಿ ಕೊಡ್ತೀಯ?"

"ಎತ್ತು ಎಲ್ಲಿ?"

"ಎತ್ತಿಗಲ್ಲ ತಾತ, ಗಿಟಾರ್‌ಗೆ."

"ಅದೇನ್ಲಾ ಅದು?"

ನಾಗ ಬಾಯಲ್ಲೇ ನುಡಿಸಿ ತೋರಿಸಿದ. ತಾತ ಕೊನೆಯವರೆಗೂ ಕೇಳಿ, "ಒಟ್ಟೆ ನೋವು ಬಂದಂಗೆ ಆಡ್ತನಲ್ಲವ್ವ ಇವ್ನು" ಎಂದ. ಆದರೂ ಮೂಕಿ ಕೊಟ್ಟ. ಕೊಡುವಾಗ ಒಂದು ಷರತ್ತು ಹಾಕಿದ, ಅದರಲ್ಲಿ ಮೂವರಿಗೂ ಎರಡು ಮಾತಿಲ್ಲ. ಮರ ತನ್ನದು, ಆದ್ದರಿಂದ ಅಳತೆಯ ಕೆಲಸವೂ ತನ್ನದು.

ಮೂಕಿಯಿಂದ ಒಂದು ಕತ್ತು, ಅದರ ಮೇಲೆ ಹಾಸಲು ಒಂದು ತೆಳು ಪಟ್ಟಿ ಬಂತು. ಕತ್ತು ಒನಕೆಯಷ್ಟು ದಪ್ಪ. ಈಗ ಮಾಡುವವರು ಕತ್ತಿನೊಳಗೆ ಒಂದು ಕಬ್ಬಿಣದ ಸರಳು ಕೂರಿಸುತ್ತಾರೆ, ತಂತಿಯ ಎಳೆತಕ್ಕೆ ಬಾಗದಿರಲಿ ಎಂದು. ನೀವೂ ಕೂರಿಸಿ. ನಮಗೆ ಆ ವಿಷಯ ಗೊತ್ತಿಲ್ಲದ ಕಾರಣ ದಪ್ಪವೇ ನಮ್ಮನ್ನು ಕಾಪಾಡಿತು. ತಂತಿ ಮತ್ತು ಅದನ್ನು ಬಿಗಿಯಲು ಕಿವಿಯ ಹಾಗೆ ತಿರುಪುವ ಬಿರಟೆಗಳನ್ನು ಮಂಡ್ಯದಿಂದ ತಂದೆವು. ತಂತಿ ಉಕ್ಕಿನದೇ ಆಗಿರಬೇಕು. ನೈಲಾನ್ ತಂತಿಯನ್ನು ಅದರ ಕೆಳಗೆ ಕೂರುವ ಅಯಸ್ಕಾಂತ ತಿರುಗಿಯೂ ನೋಡುವುದಿಲ್ಲ. ಬೆರಳಿಡುವ ಜಾಗದಲ್ಲಿ ಅಡ್ಡಕ್ಕೆ ಕೂರಿಸುವ ತಂತಿ, ಅದೇ ಫ್ರೆಟ್ಟು, ಅದಕ್ಕೆ ಸೈಕಲ್ ಕಡ್ಡಿಗಳನ್ನು ತುಂಡರಿಸಿಕೊಂಡೆವು.

ಆಮೇಲೆ ತಾತನ ಕೆಲಸ. ತಲೆಯ ಕಡೆಯ ಕಟ್ಟೆಯಿಂದ ಒಡಲ ಮೇಲಿನ ಕುದುರೆಯವರೆಗೆ, ಅಂದರೆ ತಂತಿಯನ್ನು ಎತ್ತಿ ಹಿಡಿಯುವ ಎರಡು ಆಸರೆಗಳ ನಡುವೆ, ತಂತಿಯ ಉದ್ದ ಇಪ್ಪತ್ತೈದೂವರೆ ಇಂಚು. ಅದರ ಅರ್ಧದೊಳಗೆ ಹನ್ನೆರಡು ಫ್ರೆಟ್ಟು ಬರಬೇಕು. ಹಳೇ ಗಿಟಾರಿನಲ್ಲಿ ಎಣಿಸಿದ್ದ ನಾಗನಿಗೆ ಅಷ್ಟು ಗೊತ್ತಿತ್ತು. ತಾತ ಅಕ್ಕನ ಹತ್ತಿರ ಒಂದೆಳೆ ದಾರ ಕೇಳಿ ಪಡೆದ. ಅರ್ಧ ಉದ್ದಕ್ಕೆ ಕಡಿದ. ಮೂರು ಮಡಿಕೆ ಮಾಡಿದ, ಅದನ್ನು ಎರಡು, ಮತ್ತೆ ಎರಡು. ಮಡಿಕೆ ಬಿದ್ದಲ್ಲೆಲ್ಲ ಉಗುರಿನಿಂದ ಪಟ್ಟಿಯ ಮೇಲೆ ಗುರುತು ಮಾಡುತ್ತಾ ಹೋದ. ಆ ಗುರುತಿನ ಮೇಲೆ ನಾಗ ಗರಗಸ ಆಡಿಸಿದ, ಕಡ್ಡಿ ಕೂರಿಸಿದ. ಹನ್ನೆರಡು ಸಾಲು, ಒಂದಕ್ಕೊಂದು ಸಮ. ತಾತ ಪಟ್ಟಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, "ಇವಾಗ ನೆಡ್ರಿ" ಎಂದ.

ಅಂಟು ಆಗಲೇ ಖಾಲಿಯಾಗಿದ್ದರಿಂದ ಪಟ್ಟಿಯನ್ನು ನಾಲ್ಕು ಸ್ಕ್ರೂ ಹಾಕಿ ಕತ್ತಿಗೆ ಬಿಗಿದೆವು. ಇದು ಇನ್ನೊಂದು ಬುದ್ಧಿಮಾತು: ನುಡಿಸಿ ನೋಡುವವರೆಗೆ ಯಾವುದನ್ನೂ ಅಂಟಿಸಬೇಡಿ.

ನಾಗ ತಂತಿ ಬಿಗಿದು, ಎಲ್ಲೂ ಬೆರಳಿಡದೆ ಬಿಡಿತಂತಿ ಮೀಟಿದ. ಹನ್ನೆರಡನೆಯ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಮೀಟಿದ. ಅದೇ ಸ್ವರ, ಮೇಲಿನದು, ಗಂಟೆ ಹೊಡೆದ ಹಾಗೆ. ನಾವಿಬ್ಬರೂ ಕುಣಿದೆವು. ತಾತ ಕುಣಿಯಲಿಲ್ಲ. ಸಾಲು ಎಳೆದವನು ತಾನು, ಸರಿ ಬರುವುದರಲ್ಲಿ ಆಶ್ಚರ್ಯವೇನು ಎಂಬ ಮುಖ. ಆಮೇಲೆ ನಾಗ ಒಂದು ಹಾಡು ಶುರು ಮಾಡಿದ.

ಆ ಹಾಡು ನಮ್ಮೂರಿನಲ್ಲಿ ಎಲ್ಲರಿಗೂ ಬಾಯಿಪಾಠ. ನಾಗನ ಬೆರಳು ಸರಿಯಾದ ಮನೆಯಲ್ಲೇ ಕೂರುತ್ತಿತ್ತು, ಹಾಡು ಮಾತ್ರ ಮಧ್ಯದಲ್ಲಿ ಕುಸಿಯುತ್ತಿತ್ತು, ನಡುವೆ ಕಂಬವಿಲ್ಲದ ಪೆಂಡಾಲಿನ ಹಾಗೆ. ಅಡುಗೆಮನೆಯಿಂದ ಅಕ್ಕ, "ಅದ್ಯಾವ ಆಡ್ಲಾ ಅದು, ಗುರುತೇ ಸಿಕ್ಕಾಕಿಲ್ವಲ್ಲ" ಎಂದಳು. ನಾಗ ಇನ್ನೊಂದು ಸಲ ನುಡಿಸಿದ. ಮೂರನೇ ಸಲಕ್ಕೆ ಅವನ ಮುಖ ಇಳಿದುಹೋಯಿತು.

"ತಾತ, ಸಾಲು ಎಲ್ಲೋ ತಪ್ಪದೆ."

ತಾತ ನಿಧಾನವಾಗಿ ಎದ್ದ. "ನನ್ನ ಸಾಲು ಸೊಟ್ಟ ಅಂದವ್ನು ಇನ್ನೂ ಉಟ್ಟಿಲ್ಲ ಕಣ್ಲಾ ಈ ಸೀಮೇಲಿ. ನಿನ್ ಕಿವಿ ಸೊಟ್ಟ."

"ಸೊಟ್ಟ ಅನ್ನಿಲ್ಲ ತಾತ. ಸಮವಾಗೇ ಐತೆ. ಆದ್ರೂ ಸ್ವರ ಬತ್ತಿಲ್ಲ."

"ಸಮ ಐತೆ ಅಂತ ನೀನೇ ಏಳ್ತೀಯ, ತಪ್ಪು ಅಂತ್ಲೂ ನೀನೇ ಏಳ್ತೀಯ. ಬುಡು." ಉಳಿದ ಮೂಕಿಯ ತುಂಡನ್ನು ಹೆಗಲ ಮೇಲೆ ಹಾಕಿಕೊಂಡು ಹೋಗಿ ತನ್ನ ಮಂಚದ ಕೆಳಗೆ ತಳ್ಳಿದ. ಅಲ್ಲಿಂದ ಮುಂದೆ ಮುದ್ದೆ ಊಟಕ್ಕೆ ಕೂತಾಗಲೂ ನಮ್ಮಿಬ್ಬರ ಕಡೆ ಬೆನ್ನು ಹಾಕಿ ಕೂತ.

ಗೌರಿಹಬ್ಬ ಹತ್ತಿರ ಬರುತ್ತಿತ್ತು. ಇನ್ನೊಂದು ಪಟ್ಟಿ ಮಾಡಲು ಗಟ್ಟಿ ಮರವಿದ್ದದ್ದು ತಾತನ ಮಂಚದ ಕೆಳಗೆ. ಮಾಡಿದರೂ ಸಾಲು ಎಲ್ಲಿ ಎಳೆಯಬೇಕು ಎಂಬುದು ನಮಗೆ ಗೊತ್ತಿರಲಿಲ್ಲ. ಪುಟ್ಟಮ್ಮ ನಾಗನ ಬಟ್ಟೆಗಳನ್ನು ಒಂದು ಬ್ಯಾಗಿಗೆ ತುಂಬಿ ಗೂಟಕ್ಕೆ ನೇತುಹಾಕಿದ್ದಳು. ಹೋಗುತ್ತಾ ಬರುತ್ತಾ ಅದು ನಾಗನ ತಲೆಗೆ ತಾಗುತ್ತಿತ್ತು.

ತಾತ ಮಾತು ಬಿಟ್ಟ ಆ ದಿನಗಳಲ್ಲಿ ನಾವು ಪಿಕಪ್ಪು ಮಾಡಿದೆವು. ಅಂದರೆ ಅಕ್ಕ ಮಾಡಿದಳು. ಪಿಕಪ್ಪು ಎಂದರೆ ತಂತಿಯ ಕೆಳಗೆ ಕೂತು ಅದರ ನಡುಕವನ್ನು ಕರೆಂಟು ಮಾಡಿ ಕಳಿಸುವ ಸಾಧನ: ಒಂದು ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತು. ಮಂಡ್ಯದ ರಿಪೇರಿ ಅಂಗಡಿಯಿಂದ ಸತ್ತುಹೋದ ಕರೆಗಂಟೆಗಳ ಸುರುಳಿ ತಂದಿದ್ದೆವು. ಸೈಕಲನ್ನು ತಲೆಕೆಳಗು ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಪಿಕಪ್ಪು ಕಟ್ಟಿ, ನಾನು ಪೆಡಲು ತಿರುಗಿಸುವುದು, ನಾಗ ತಂತಿ ಹಿಡಿಯುವುದು. ತಂತಿ ಕ್ಷಣಕ್ಕೊಂದು ಸಲ ತುಂಡಾಗುತ್ತಿತ್ತು. ಅಕ್ಕ ಸ್ವಲ್ಪ ಹೊತ್ತು ನೋಡಿ ನಾಗನನ್ನು ಎಬ್ಬಿಸಿದಳು. ಅವಳು ರಜೆಗೆಲ್ಲ ಚಿಕ್ಕಮ್ಮನ ಮನೆಗೆ ಹೋಗಿ ರೇಷ್ಮೆ ನೂಲು ತೆಗೆಯುವುದರಲ್ಲಿ ಕೈ ಪಳಗಿಸಿಕೊಂಡಿದ್ದಳು.

"ಎತ್ತಿನ ಅಗ್ಗ ಇಡ್ದಂಗೆ ಇಡೀತಾ ಕುಂತಿದ್ದೀಯಲ್ಲಾ. ಎಳೀಬ್ಯಾಡ, ಅದೇ ಬತ್ತದೆ. ನೀನು ದಾರಿ ತೋರ್ಸು ಸಾಕು." ಎರಡು ಬೆರಳ ಮಧ್ಯೆ ಒಂದು ಚೂರು ಬಟ್ಟೆ ಇಟ್ಟುಕೊಂಡು ತಂತಿಯನ್ನು ಹರಿಯಬಿಟ್ಟಳು. ಮಧ್ಯಾಹ್ನ ಶುರು ಮಾಡಿದ್ದು ದನ ಮನೆಗೆ ಬರುವಷ್ಟರಲ್ಲಿ ಮುಗಿದಿತ್ತು. ಸುತ್ತು ಎಷ್ಟು ಎಂದು ಯಾರೂ ಎಣಿಸಲಿಲ್ಲ. ನೀವು ಎಣಿಸಿ. ಆದರೆ ಎಣಿಕೆಗಿಂತ ಮುಖ್ಯ, ಎಳೆಯದಿರುವುದು.

ಸ್ವರದ ಕಗ್ಗಂಟನ್ನು ಬಿಡಿಸಿದ್ದು ಯಾರು ಎಂಬಲ್ಲಿ ನಮ್ಮ ಸಾಕ್ಷಿಗಳು ಬೇರೆಯಾಗುತ್ತಾರೆ. ನನ್ನ ನೆನಪಿನಲ್ಲಿ ಅದು ನಾನೇ. ರಾಮಮಂದಿರದ ಭಜನೆಯ ಹಾರ್ಮೋನಿಯಂ ಮುಂದೆ ಕೂತು, ಪ್ರತಿ ಫ್ರೆಟ್ಟೂ ಉಳಿದ ತಂತಿಯ ಹದಿನೆಂಟನೇ ಒಂದು ಭಾಗದಷ್ಟು ಮುಂದೆ ಇರಬೇಕು ಎಂದು ಲೆಕ್ಕ ಹಾಕಿ, ಇಬ್ಬರಿಗೂ ವಿವರಿಸುತ್ತಿದ್ದೇನೆ. ಚಿತ್ರ ಕಣ್ಣಿಗೆ ಕಟ್ಟಿದ ಹಾಗಿದೆ. ಹಾರ್ಮೋನಿಯಂ ಮೇಲೆ ಕರ್ಪೂರದ ವಾಸನೆ ಕೂಡ ಇದೆ.

ಇದನ್ನು ನಾಗನಿಗೆ ಹೇಳಿದಾಗ ಅವನು ನಕ್ಕು ನಕ್ಕು ಕೆಮ್ಮಿದ. "ನೀನಾ? ನಿಂಗೆ ಆಗ ಅದ್ನೆಂಟ್ರ ಮಗ್ಗಿ ಬತ್ತಿತ್ತೇನ್ಲಾ?"

ಬರುತ್ತಿರಲಿಲ್ಲ. ಹದಿನೆಂಟರ ಲೆಕ್ಕವನ್ನು ನಾನು ಓದಿದ್ದು ಕಾಲೇಜಿಗೆ ಹೋದ ಮೇಲೆ. ಅದನ್ನು ಹಿಂದಕ್ಕೆ ಒಯ್ದು ಆ ಮಂದಿರದಲ್ಲಿ ಕೂರಿಸಿ, ಪಕ್ಕಕ್ಕೆ ಕರ್ಪೂರವನ್ನೂ ಹಚ್ಚಿಟ್ಟುಕೊಂಡಿದ್ದೇನೆ. ಅಕ್ಕ, ನಾಗ ಇಬ್ಬರೂ ಒಪ್ಪುವ ಪ್ರಕಾರ ನಡೆದದ್ದು ಇದು. ಮಂದಿರದ ಹಾರ್ಮೋನಿಯಂ ಹೊರಗೆ ತರುವ ಹಾಗಿರಲಿಲ್ಲ, ಆದ್ದರಿಂದ ಶನಿವಾರ ಭಜನೆ ಮುಗಿದ ಮೇಲೆ ಗಿಟಾರನ್ನೇ ಒಳಗೆ ಒಯ್ದೆವು. ತಾತನ ಪಟ್ಟಿ ಬಿಚ್ಚಿ, ಆ ಜಾಗಕ್ಕೆ ಹೆಂಚಿನ ಕೆಳಗೆ ಹಾಕುವ ರೀಪರಿನ ಒಂದು ತುಂಡು ಕಟ್ಟಿದ್ದೆವು. ಅಕ್ಕ ತಿದಿ ಒತ್ತುತ್ತಾ ಹಾರ್ಮೋನಿಯಮ್ಮಿನ ಬಿಳಿ ಕಪ್ಪು ಕೀಗಳನ್ನು ಒಂದಾದ ಮೇಲೊಂದು ಹಿಡಿಯುವುದು. ನಾಗ ತಂತಿಯ ಕೆಳಗೆ ಒಂದು ಚೂರು ಸೈಕಲ್ ಕಡ್ಡಿಯನ್ನು ಸರಿಸುತ್ತಾ ಅದೇ ಸ್ವರ ಹುಡುಕುವುದು.

"ಇನ್ನೂ ಒಸಿ ಕೆಳೀಕೆ. ಇಲ್ಲ ಇಲ್ಲ, ದಾಟ್ಬುಟ್ಟೆ. ಈಗ ನಿಲ್ಸು" ಎನ್ನುತ್ತಿದ್ದವಳು ಅಕ್ಕ. ಸಿಕ್ಕಿದಲ್ಲಿ ಪೆನ್ಸಿಲ್ ಗುರುತು. ಪೆನ್ಸಿಲ್ ಹಿಡಿದಿದ್ದವನು ನಾನು, ಅಷ್ಟನ್ನು ಇಬ್ಬರೂ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದಾರೆ. ಹನ್ನೆರಡೂ ಗುರುತು ಮುಗಿದ ಮೇಲೆ ನೋಡಿದರೆ ಗೆರೆಗಳು ತಲೆಯ ಕಡೆ ಅಗಲ, ಒಡಲ ಕಡೆ ಬರುತ್ತಾ ಬರುತ್ತಾ ಒತ್ತೊತ್ತು.

ನೀವು ಮಾಡುವಾಗ ಹದಿನೆಂಟರ ಲೆಕ್ಕ ಹಿಡಿಯಿರಿ: ಉದ್ದವನ್ನು ಹದಿನೆಂಟರಿಂದ ಭಾಗಿಸಿ, ಬಂದಷ್ಟು ದೂರಕ್ಕೆ ಮೊದಲ ಫ್ರೆಟ್ಟು. ಅಲ್ಲಿಂದ ಕುದುರೆಯವರೆಗೆ ಉಳಿದದ್ದನ್ನು ಮತ್ತೆ ಹದಿನೆಂಟರಿಂದ ಭಾಗಿಸಿದರೆ ಎರಡನೆಯದು. ಹೀಗೇ ಹೋಗಿ. ಹನ್ನೆರಡನೆಯದು ಅರ್ಧಕ್ಕಿಂತ ಎರಡು ಮಿಲಿಮೀಟರಿನಷ್ಟು ಈಚೆಗೆ, ತಲೆಯ ಕಡೆಗೆ, ನಿಲ್ಲುತ್ತದೆ. ಕರಾರುವಾಕ್ಕಾಗಿ ಬೇಕೆಂದರೆ ಹದಿನೆಂಟರ ಬದಲು ಹದಿನೇಳು ಬಿಂದು ಎಂಟು ಒಂದು ಏಳು. ತಾತನ ಸಮಸಾಲಿನಲ್ಲಿ ಬಿಡಿತಂತಿಯೂ ಹನ್ನೆರಡನೆಯದೂ ಸರಿಯಿದ್ದು ನಡುವಿನದೆಲ್ಲ ತಗ್ಗಿಹೋಗಿತ್ತು. ಅವನ ಆರನೆಯ ಸಾಲು ಮಾತ್ರ ಹೆಚ್ಚುಕಮ್ಮಿ ಕರಾರುವಾಕ್ಕಾಗಿ ಐದನೆಯದು ಇರಬೇಕಾದ ಜಾಗದಲ್ಲಿತ್ತು. ಇದನ್ನು ಲೆಕ್ಕ ಹಾಕಿದ್ದು ನಿಜವಾಗಿಯೂ ನಾನೇ, ಆದರೆ ಹೋದ ವರ್ಷ.

ಮರುದಿನ ಬೆಳಿಗ್ಗೆ ಆ ಗುರುತಿನ ರೀಪರು ಜಗಲಿಯ ಮೇಲೆ ಬಿದ್ದಿತ್ತು. ತಾತ ಬಚ್ಚಲಿಗೆ ಹೋಗುವವನು ನಿಂತು ಅದನ್ನು ನೋಡಿದ. ಕೈಗೆತ್ತಿಕೊಂಡು ಬೆಳಕಿಗೆ ಹಿಡಿದ. ಕೆಳಗಿಟ್ಟು ಹೊರಟುಹೋದ. ಸ್ವಲ್ಪ ಹೊತ್ತಿಗೆ ಕಾಲೆಲ್ಲ ಗದ್ದೆಯ ಕೆಸರು ಮಾಡಿಕೊಂಡು ಒಂದು ಜಲ್ಲೆ ಕಬ್ಬು ಹಿಡಿದು ಬಂದ. ಸೋಗೆ ಕಿತ್ತು, ಕಬ್ಬಿನ ತುದಿಯ ಕಡೆಯನ್ನು ರೀಪರಿನ ಪಕ್ಕಕ್ಕೆ ಮಲಗಿಸಿದ. ಗಿಣ್ಣಿಗೂ ಗಿಣ್ಣಿಗೂ ನಡುವಿನ ಅಂತರ ತುದಿಗೆ ಹೋಗುತ್ತಾ ಒತ್ತೊತ್ತಾಗಿತ್ತು, ನಮ್ಮ ಗೆರೆಗಳ ಹಾಗೆಯೇ.

ಇಲ್ಲಿಯವರೆಗೆ ಮೂವರೂ ಒಪ್ಪುತ್ತೇವೆ. ಆಗ ತಾತ ಏನೆಂದ? "ಇದು ಸಾಲಲ್ಲ ಕಣ್ರಲಾ, ಗಿಣ್ಣು. ಮೊದ್ಲೇ ಏಳಿದ್ರೆ ಆಗ್ತಿರ್ನಿಲ್ವ" ಎಂದ ಎಂಬುದು ನನ್ನ ನೆನಪು. ಅಕ್ಕನ ಪ್ರಕಾರ ಅವನು ಅಂದದ್ದು "ಓ, ಇಂಗಾ" ಅಷ್ಟೇ. ನಾಗ ಹೇಳುವುದು, ತಾತ ಬಾಯೇ ಬಿಡಲಿಲ್ಲ, ಅಳತೆ ನೋಡಿಕೊಂಡ ಮೇಲೆ ಕಬ್ಬನ್ನು ಮುರಿದು ಮೂವರಿಗೂ ಒಂದೊಂದು ತುಂಡು ಕೊಟ್ಟ ಎಂದು. ನನ್ನ ತಾತನ ಮಾತು ಸ್ವಲ್ಪ ಹೆಚ್ಚೇ ಚೆನ್ನಾಗಿದೆ, ಅದಕ್ಕೇ ಅದರ ಮೇಲೆ ನನಗೆ ಸಂಶಯ. ಕಬ್ಬನ್ನೂ ಬಿಡಲಿಲ್ಲ. ಮೊನ್ನೆ ಊರಿಗೆ ಹೋದಾಗ ನಾಲ್ಕು ಜಲ್ಲೆ ಅಳೆದು ನೋಡಿದೆ. ಬುಡದ ಕಡೆಯೂ ಗಿಣ್ಣು ಒತ್ತೊತ್ತು, ನಡುವೆ ಅಗಲ, ತುದಿಯಲ್ಲಿ ಮಾತ್ರ ಗಿಟಾರಿನ ಹಾಗೆ, ಅದೂ ಸುಮಾರಾಗಿ. ನಾನು ಟೇಪು ಹಿಡಿದು ಕಬ್ಬು ಅಳೆಯುವುದನ್ನು ನೋಡಿ ಪಕ್ಕದ ಗದ್ದೆಯವನು, "ಸರ್ವೆಗೆ ಬಂದಿದ್ದೀರಾ ಸಾರ್" ಎಂದು ಕೇಳಿದ.

ಏನೇ ಅಂದಿರಲಿ, ತಾತ ಒಳಗೆ ಹೋಗಿ ಮಂಚದ ಕೆಳಗಿನ ಮೂಕಿ ತುಂಡನ್ನು ಎಳೆದು ತಂದ. ಹೊಸ ಪಟ್ಟಿಯನ್ನು ತಾನೇ ಕೊಯ್ದ. ರೀಪರಿನ ಗುರುತುಗಳನ್ನು ದಾರದಿಂದ ಒಂದೊಂದಾಗಿ ಅದಕ್ಕೆ ದಾಟಿಸಿದ. ಪುಟ್ಟಮ್ಮ ಬೇಲಿಯಾಚೆಯಿಂದ ನೋಡುತ್ತಿದ್ದಳು. "ನೀನೂ ಸೇರ್ಕಂಡ್ಯೇನ್ ಮಾವ ಈ ಐಕ್ಳ ಜತೆ" ಎಂದಳು. "ನಾಟಿ ಕಣವ್ವ, ಅರ್ಧಕ್ಕೆ ಬುಡಕ್ಕಾಯ್ತದ" ಎಂದ ತಾತ.

ಪ್ರಾಕ್ಟೀಸಿನ ದಿನ ಮದ್ದೂರಿಗೆ ಹೋದಾಗ ಕನಕಪುರದವನು ಆಗಲೇ ಬಂದು ಕೂತಿದ್ದ, ತೊಡೆಯ ಮೇಲೆ ಕೆಂಪಗೆ ಹೊಳೆಯುವ ಗಿಟಾರು. ನಮ್ಮದನ್ನು ನಾವು ರಗ್ಗಿನಲ್ಲಿ ಸುತ್ತಿ ತಂದಿದ್ದೆವು. ಬಿಚ್ಚಿದಾಗ ತಬಲದವನು, "ಮೊರಕ್ಕೆ ಒನಕೆ ಸಿಗಾಕ್ಕಂಡದಲ್ಲಾ" ಎಂದ. ಮಾಸ್ಟ್ರು ಅದಕ್ಕೆ ಆಂಪ್ಲಿಫೈಯರಿನ ವೈರು ಚುಚ್ಚಿಸಿದರು. ಇಡೀ ಕೊಠಡಿ ಗುಯ್ ಎನ್ನತೊಡಗಿತು.

"ಜೇನುಗೂಡು ತಂದಿದ್ದೀಯೇನ್ಲಾ?" ಎಂದರು ಮಾಸ್ಟ್ರು.

ನಾಗ ಗಾಬರಿಯಲ್ಲಿ ತಂತಿಗಳ ಮೇಲೆ ಅಂಗೈ ಇಟ್ಟ. ಗುಯ್ ನಿಂತಿತು. ಕೈ ತೆಗೆದ, ಮತ್ತೆ ಶುರು. ಇಟ್ಟ, ನಿಂತಿತು. ಅವನು ಮಾಸ್ಟ್ರ ಮುಖ ನೋಡಲಿಲ್ಲ. ಮೂಲೆಯಲ್ಲಿ ಬಿದ್ದಿದ್ದ ವೈರಿನ ಚೂರು ತೆಗೆದು, ಒಂದು ತುದಿಯನ್ನು ಕುದುರೆಯ ಕಬ್ಬಿಣದ ಕೆಳಗೆ ತುರುಕಿದ, ಇನ್ನೊಂದನ್ನು ವೈರು ಚುಚ್ಚುವ ಜಾಗದ ಹೊರಸುತ್ತಿಗೆ ಸುತ್ತಿದ. ಕೈ ಮಾಡುತ್ತಿದ್ದ ಕೆಲಸವನ್ನು ಈಗ ವೈರು ಮಾಡಿತು. ಕೊಠಡಿ ಮೌನವಾಯಿತು. ಈ ವೈರನ್ನು ನೀವು ಮೊದಲೇ ಬೆಸುಗೆ ಹಾಕಿಡಿ. ಜೊತೆಗೆ ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿಗೆ ಅರ್ತಿಂಗ್ ಇದೆಯೇ ಎಂದು ಯಾರಾದರೂ ತಿಳಿದವರಿಂದ ನೋಡಿಸಿ. ತಂತಿ ನಿಮ್ಮ ಬೆರಳಿಗೆ ತಾಗಿಕೊಂಡೇ ಇರುತ್ತದೆ, ಕರೆಂಟಿನ ಜೊತೆ ಹುಡುಗಾಟ ಬೇಡ.

ಆಮೇಲೆ ನಾಗ ಆ ಹಾಡು ನುಡಿಸಿದ, ಅಕ್ಕನಿಗೆ ಗುರುತೇ ಸಿಗದಿದ್ದ ಹಾಡು. ಈ ಸಲ ಎಲ್ಲರಿಗೂ ಸಿಕ್ಕಿತು. ತಬಲದವನ ಕೈ ತಾನಾಗಿ ತಾಳ ಹಿಡಿಯಿತು. ಮುಗಿದ ಮೇಲೆ ಕನಕಪುರದವನು ನಮ್ಮ ಗಿಟಾರು ಕೇಳಿ ತೆಗೆದುಕೊಂಡ. ಅದರ ಕತ್ತನ್ನು ಹಿಡಿಯಲು ಅವನ ಕೈ ಸಾಲಲಿಲ್ಲ. ಒಂದೊಂದೇ ಫ್ರೆಟ್ಟಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಗೆ ಮೀಟಿದ. "ಸ್ವರ ನಿಂತೈತೆ ಮಾಸ್ಟ್ರೇ" ಎಂದ, ತನ್ನ ಗಿಟಾರನ್ನು ಚೀಲಕ್ಕೆ ಹಾಕುತ್ತಾ. "ನಂಗೆ ಎಂಗೂ ರಾಮನಗರದಲ್ಲಿ ಪ್ರೋಗ್ರಾಂ ಐತೆ."

ಹಬ್ಬದ ಮಾರನೆಯ ದಿನ ನಾಗ ಮಳವಳ್ಳಿಗೆ ಹೋದ. ಅವ್ವನ ಮಾತು ಮೀರಲಿಲ್ಲ. ಆರ್ಕೆಸ್ಟ್ರಾದ ವ್ಯಾನಿನಲ್ಲಿ ಹೋದ ಅಷ್ಟೇ. ಅಲ್ಲಿನ ಗಣೇಶನ ಪೆಂಡಾಲಿನ ಮೊದಲ ಸಾಲಿನಲ್ಲಿ ಹುಬ್ಬಿನ ಮೇಲೆಲ್ಲ ಹಿಟ್ಟು ಮೆತ್ತಿಕೊಂಡ ಅವನ ಸೋದರಮಾವ ಕೂತಿದ್ದ, ಗಿರಣಿಗೆ ಬೀಗ ಹಾಕಿ ನೇರ ಬಂದಿದ್ದ. ಎರಡನೇ ಹಾಡಿಗೆ ಎದ್ದು ನಿಂತು, "ನನ್ನ ಅಳಿಯ ಕಣ್ರಲಾ" ಎಂದು ಹಿಂದಿನವರಿಗೆಲ್ಲ ಹೇಳಿದ. ಆ ದಿನ ನಮ್ಮ ಜೊತೆ ತಾತನೂ ಬಂದಿದ್ದ. ಕಾರ್ಯಕ್ರಮ ಮುಗಿಯುವವರೆಗೂ ಹಾಡಿನ ಕಡೆ ಕಿವಿ ಕೊಟ್ಟನೋ ಇಲ್ಲವೋ ಕಾಣೆ, ನಾಗನ ಎಡಗೈಯನ್ನೇ ನೋಡುತ್ತಾ ಬೀಡಿ ಹಚ್ಚಿದ.

ಈಗ ಆರ್ಕೆಸ್ಟ್ರಾ ಹುಡುಕಿಕೊಂಡು ಯಾರೂ ಎರಡು ತಿಂಗಳು ಮೊದಲು ಮದ್ದೂರಿಗೆ ಹೋಗುವುದಿಲ್ಲ, ಪೆಂಡಾಲಿನಲ್ಲಿ ಒಂದು ಮೊಬೈಲು, ಎರಡು ಸ್ಪೀಕರು ಸಾಕು. ಹೊಂಗೆ ಮರದ ಕೆಳಗೆ ಗಾಡಿಯ ಗಾಲಿಯೂ ಇಲ್ಲ. ನಾಟಿಗೆ ಯಂತ್ರ ಬಂದಿದೆ. ಯಂತ್ರದ ಸಾಲೂ ನೇರವಾಗಿಯೇ ಇರುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಸಂಜೆ ಬದುವಿನ ಮೇಲೆ ಕೂತು ಅದನ್ನು ನೋಡುತ್ತಾ ಬೀಡಿ ಹಚ್ಚುವವರು ಯಾರೂ ಇಲ್ಲ. ತಾತ ಹೋಗಿ ಬಹಳ ವರ್ಷವಾಯಿತು.

ನಾಗ ಮಂಡ್ಯದಲ್ಲಿ ಗಿಟಾರ್ ಮಾಡುವ, ರಿಪೇರಿ ಮಾಡುವ ಒಂದು ಸಣ್ಣ ಅಂಗಡಿ ಇಟ್ಟುಕೊಂಡಿದ್ದಾನೆ. ಕಲಿಯಲು ಹುಡುಗ ಹುಡುಗಿಯರು ಬರುತ್ತಾರೆ. ಗೋಡೆಯ ಮೇಲೆ ತಾತನ ಮೊದಲ ಪಟ್ಟಿ ತೂಗುಹಾಕಿದೆ. ಬಂದವರೆಲ್ಲ ಅದು ಯಾಕೆ ತಪ್ಪಾಗಿದೆ ಎಂದು ಕೇಳುತ್ತಾರೆ. ಮೊನ್ನೆ ನಾನಿದ್ದಾಗಲೇ ಒಬ್ಬಳು ಕೇಳಿದಳು. "ತಪ್ಪಲ್ಲ ಕಣವ್ವ, ಅದು ಬೇರೆ ಬೆಳೆ" ಎಂದ ನಾಗ, ತಲೆ ಎತ್ತದೆ.

ಅವಳು ಹೋದ ಮೇಲೆ ನಾನು ಪಟ್ಟಿಯನ್ನು ಇಳಿಸಿಕೊಂಡು, ನಾಗನ ಕ್ಯಾಲಿಪರ್ ತೆಗೆದುಕೊಂಡು ಕೂತೆ. ಕಡ್ಡಿಗಳಿಗೆ ತುಕ್ಕು ಹಿಡಿದಿತ್ತು. ಹನ್ನೆರಡೂ ಅಂತರಗಳನ್ನು ಒಂದಾದ ಮೇಲೊಂದು ಅಳೆದೆ. ನಂಬಿಕೆ ಬಾರದೆ ಆ ತುದಿಯಿಂದ ಈ ತುದಿಗೆ ಇನ್ನೊಂದು ಸಲ ಅಳೆದೆ.

"ಎಷ್ಟು ಬಂತು?" ಎಂದ ನಾಗ.

"ಸಮ."

"ಅದ್ಕೆ ಇಷ್ಟೊತ್ತು ಬೇಕಿತ್ತೇನ್ಲಾ? ತಾತನ್ನ ಕೇಳಿದ್ರೆ ಏಳ್ತಿದ್ದ."

ಕೇಳುವ ಹಾಗಿದ್ದಿದ್ದರೆ ನಾನು ಅಳೆಯುತ್ತಲೇ ಇರಲಿಲ್ಲ.